ಅಂಬಿಗನ ಒದ್ದೆ ಕಂಬಳಿ

“ಗುರುಗಳೇ, ಮಕ್ಕಳು ತಾವಾಗಿಯೇ ಗೆಳೆತನ ಕೇಳಿ ಬಂದರೆ ಶಿಕ್ಷಕಿಯಾದವಳು ಒಲ್ಲೆನೆನ್ನಬಹುದೆ?”

ಹೀಗೆ ಕೇಳಿದವಳು ಪಂಪಾವತಿ. ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿಯಾಗಿ ಸೇರಿ ಅವಳಿಗೆ ಇನ್ನೂ ಐದು ತಿಂಗಳು ತುಂಬಿರಲಿಲ್ಲ. ಹನ್ನೊಂದು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ಅವಳಿಗೆ ಕನ್ನಡ ಕಲಿಸಿದ ಗುರುಗಳು ಈಗ ನಿವೃತ್ತರು. ಜಗಲಿಯಲ್ಲಿ ಕುಳಿತು, ಊರಿನ ವಾಚನಾಲಯದ ಹಳೆಯ ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದರು. ಕೈಯ ಕೆಲಸ ನಿಲ್ಲಿಸದೆ, “ಏನಾಯಿತು, ಹೇಳು ತಾಯಿ” ಎಂದರು.

ಪಂಪಾವತಿ ಹೇಳಿದಳು. ಶಾಲೆಗೆ ಸೇರಿದ ಮೊದಲ ವಾರದಲ್ಲಿಯೇ ಒಂಬತ್ತನೆಯ ತರಗತಿಯ ಮಕ್ಕಳು ಇನ್‌ಸ್ಟಾಗ್ರಾಮಿನಲ್ಲಿ ಅವಳನ್ನು ಹುಡುಕಿ ಕೋರಿಕೆ ಕಳಿಸಿದ್ದರು. ಮೂವತ್ತೆಂಟು ಮಕ್ಕಳು, ಅವಳು ಮೂವತ್ತೆಂಟನ್ನೂ ಒಪ್ಪಿದಳು. ತರಗತಿಯಲ್ಲಿ ‘ಮಿಸ್’ ಎನ್ನುತ್ತಿದ್ದವರು ಫೋನಿನಲ್ಲಿ ‘ಅಕ್ಕ’ ಎಂದರು. ಅವಳ ಫೋಟೋಗಳಲ್ಲಿ ಸೀರೆಯನ್ನೂ ಮನೆಯ ಮದುವೆಯ ಊಟವನ್ನೂ ಕಂಡು ಮೆಚ್ಚಿದರು. ಅವಳಿಗೂ ಅದು ಹಿತವಾಗಿತ್ತು. ಅವರಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಎಲ್ಲರಿಗಿಂತ ಹೆಚ್ಚು ಆಪ್ತಳಾದಳು, ದಿನವೂ ಬರೆಯುತ್ತಿದ್ದಳು.

ಆ ಹುಡುಗಿ ಒಮ್ಮೆ ಪ್ರಬಂಧವೊಂದನ್ನು ಎಲ್ಲಿಂದಲೋ ಇದ್ದಂತೆಯೇ ಇಳಿಸಿಕೊಂಡು ತಂದಳು. ಪಂಪಾವತಿ ಕೆಂಪು ಶಾಯಿಯಲ್ಲಿ ‘ಮತ್ತೆ ಬರೆ’ ಎಂದು ಬರೆದಳು. ಸಂಜೆಯೇ ಫೋನಿಗೆ ಒಂದು ಸಾಲು ಬಂತು: ‘ಅಕ್ಕ ಅಂದ್ಕೊಂಡಿದ್ದೆ, ನೀವೂ ಬರೀ ಮಿಸ್ಸೇ.’ ಮುಂದಿನ ವಾರವೂ ಹುಡುಗಿ ಹಾಗೆಯೇ ಇಳಿಸಿ ತಂದಳು. ಪಂಪಾವತಿಗೆ ಗೊತ್ತಾಯಿತು. ಗೊತ್ತಾದರೂ ಅವಳು ‘ಚೆನ್ನಾಗಿದೆ’ ಎಂದು ಬರೆದಳು. ಮರುದಿನ ಕೊನೆಯ ಬೆಂಚಿನಿಂದ ಒಂದು ಮಾತು ಕೇಳಿಬಂತು: “ಮಿಸ್ಸಿನ ಫೋಟೋಕ್ಕೆ ಹಾರ್ಟ್ ಒತ್ರೋ, ನೋಟ್‌ಬುಕ್ಕಿಗೆ ‘ಚೆನ್ನಾಗಿದೆ’ ಬೀಳುತ್ತೆ.” ತರಗತಿಯೆಲ್ಲ ನಕ್ಕಿತು. ಹುಲಿಗೆಮ್ಮ ತಲೆ ತಗ್ಗಿಸಿದಳು.

“ನಾಳೆ ಅದೇ ತರಗತಿಗೆ ಹೋಗಬೇಕು, ಗುರುಗಳೇ. ಎಲ್ಲರನ್ನೂ ಇನ್‌ಸ್ಟಾಗ್ರಾಮಿನಿಂದ ತೆಗೆದುಬಿಡೋಣ ಅನ್ನಿಸುತ್ತದೆ. ಆದರೆ ಉತ್ತರವಿಲ್ಲದ ಕೋರಿಕೆ ಎಷ್ಟು ನೋಯಿಸುತ್ತದೆಂದು ನನಗೆ ಗೊತ್ತು” ಎಂದಳು ಪಂಪಾವತಿ. ಹೇಗೆ ಗೊತ್ತೆಂದು ಮಾತ್ರ ಹೇಳಲಿಲ್ಲ. ಹತ್ತನೆಯ ತರಗತಿಯಲ್ಲಿದ್ದಾಗ ಅವಳು ಫೇಸ್‌ಬುಕ್ಕಿನಲ್ಲಿ ಇದೇ ಗುರುಗಳಿಗೆ ಕೋರಿಕೆ ಕಳಿಸಿದ್ದಳು. ಅದಕ್ಕೆ ಉತ್ತರ ಬಂದಿರಲಿಲ್ಲ.

ಗುರುಗಳು ಕತ್ತರಿಯನ್ನು ಕೆಳಗಿಟ್ಟರು. ಒಂದು ಕತೆ ಹೇಳಿದರು.

ಹೊಳೆ ದಾಟುವ ಒಂದು ಕಡವಿನಲ್ಲಿ ಒಬ್ಬ ಅಂಬಿಗನಿದ್ದ. ಅವನು ನಡೆಸುತ್ತಿದ್ದುದು ಹರಿಗೋಲು. ಹರಿಗೋಲೆಂದರೆ ದುಂಡನೆಯ ದೊಡ್ಡ ಬುಟ್ಟಿ. ದೋಣಿಗಿರುವಂತೆ ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಅಂಬಿಗನ ಹುಟ್ಟು ಎಲ್ಲಿ ನೀರಿಗೆ ಬೀಳುತ್ತದೆಯೋ ಅದೇ ಅದರ ಮುಂದು. ಆದುದರಿಂದ ಅವನು ತಾನು ಕೂರುವ ಕಡೆ ಎಡಕ್ಕೊಂದು ಮೊಳ, ಬಲಕ್ಕೊಂದು ಮೊಳ ಜಾಗ ಬಿಡುತ್ತಿದ್ದ. ಅಲ್ಲಿ ಯಾರೂ ಕೂರದಿರಲೆಂದು ತನ್ನ ಕಂಬಳಿಯನ್ನು ಹೊಳೆಯಲ್ಲಿ ಅದ್ದಿ ಹಾಸುತ್ತಿದ್ದ. ಊರ ಗೌಡ ಬಂದರೂ ಅಷ್ಟೆ, ಒಡಹುಟ್ಟಿದ ತಂಗಿ ಬಂದರೂ ಅಷ್ಟೆ. ಎಲ್ಲರೂ ಎದುರು ಬದಿಯಲ್ಲಿಯೇ ಕೂರಬೇಕು.

ಅಂಬಿಗನಿಗೆ ವಯಸ್ಸಾಗಿ ಮಂಡಿ ಹಿಡಿಯಿತು. ಹುಟ್ಟು ಮಗನ ಕೈಗೆ ಬಂತು. ಮಗ ಮಾತುಗಾರ; ನಾಲ್ಕು ಜನ ತನ್ನನ್ನು ಒಳ್ಳೆಯವನೆಂದರೆ ಅವನಿಗೆ ಅಂದಿನ ಊಟ ಆದಂತೆ. ಮೊದಲ ದಿನವೇ ಒಬ್ಬ ಬಳೆಗಾರ ಕಂಬಳಿಯ ಕಡೆ ಬೆರಳು ತೋರಿಸಿ, “ನಿಮ್ಮಪ್ಪನ ಈ ಕಂಬಳಿ ಇಪ್ಪತ್ತು ವರ್ಷ ನಮ್ಮನ್ನು ಆಚೆಗೇ ಇಟ್ಟಿತಪ್ಪ. ನಿನ್ನ ಪಕ್ಕ ಕೂತರೂ ನಿನಗೆ ಮೈಲಿಗೆಯೋ?” ಎಂದು ಚುಚ್ಚಿದ. ಮಗ ನಾಚಿಕೊಂಡ. ಕಂಬಳಿಯನ್ನು ಸುತ್ತಿ ದಡಕ್ಕೆ ಎಸೆದ.

ಅಂದಿನಿಂದ ಹರಿಗೋಲಿನಲ್ಲಿ ನಗೆಯೋ ನಗೆ. ಬಳೆಗಾರ ಹೊಸ ಅಂಬಿಗನ ಬಲಕ್ಕೆ ಕುಳಿತು ಹೆಗಲ ಮೇಲೆ ಕೈ ಹಾಕಿದ. ಇನ್ನೊಬ್ಬ ಎಡಕ್ಕೆ ಕುಳಿತು ಮನೆಯ ಜಗಳ ಹೇಳಿಕೊಂಡ. ಮಗನಿಗೆ ಹುಟ್ಟು ಬೀಸಲು ಇಕ್ಕಟ್ಟಾಯಿತು. ಆದರೂ ‘ಅತ್ತ ಸರಿಯಿರಿ’ ಎಂದು ಹೇಳಲು ನಾಲಿಗೆ ಏಳಲಿಲ್ಲ. ಹೊಳೆ ಶಾಂತವಾಗಿತ್ತು. ದಿನಗಳು ನಡೆದವು. ಒಬ್ಬ ಮುದುಕಿ ಮಾತ್ರ ಹಳೆಯ ರೂಢಿಯಂತೆ ಎದುರು ಬದಿಯಲ್ಲಿಯೇ ಕೂರುತ್ತಿದ್ದಳು. ಅವಳಿಗೆ ಸೊಕ್ಕೆಂದು ಉಳಿದವರು ಆಡಿಕೊಂಡರು.

ಒಂದು ದಿನ ನಡುಹೊಳೆಯಲ್ಲಿರುವಾಗ ಮೇಲಿನಿಂದ ಹೊಸ ನೀರು ಬಂತು. ಹೆದರಿದ ಜನ ತಾವು ನಂಬಿದವನ ಕಡೆಗೇ ನುಗ್ಗಿದರು. ಹರಿಗೋಲು ಅಂಬಿಗನ ಬದಿಗೆ ವಾಲಿತು. ಬಳೆಗಾರ ಅವನ ತೋಳನ್ನೇ ಹಿಡಿದುಕೊಂಡ. ಹುಟ್ಟು ಎತ್ತಲಾಗಲಿಲ್ಲ, ಹುಟ್ಟು ಬೀಳದ ಹರಿಗೋಲಿಗೆ ಮುಂದು ಎಂಬುದೇ ಇಲ್ಲವಾಯಿತು. ಅದು ಬೀಸುವ ಕಲ್ಲಿನಂತೆ ನಿಂತಲ್ಲೇ ಗರಗರನೆ ತಿರುಗಿತು. ಬಳೆಗಾರ ಹೆಗಲಿಗೇರಿಸುವ ಬಳೆಗಳ ಮಲಾರ ನೀರಿಗೆ ಬಿತ್ತು. ಮಗ ಈಗ ‘ಸರಿಯಿರಿ’ ಎಂದ. ಯಾರೂ ಸರಿಯಲಿಲ್ಲ. ಇಷ್ಟು ದಿನ ಹತ್ತಿರ ಕರೆದು ಈಗ ಸಾಯುವ ಹೊತ್ತಿಗೆ ದೂಡುತ್ತೀಯಾ ಎಂದು ಬೈದರು.

ಆಗ ಎದುರು ಬದಿಯಲ್ಲಿದ್ದ ಮುದುಕಿ ಗದರಿದಳು: “ಅವನನ್ನು ಹಿಡ್ಕೊಂಡ್ರೆ ಉಳಿಯೋದಿಲ್ರೋ, ಅವನ ಕೈ ಬಿಟ್ರೆ ಉಳೀತೀರಿ. ಬನ್ನಿ, ನನ್ನ ಕಡೆ ಬನ್ನಿ.”

ಒಬ್ಬೊಬ್ಬರಾಗಿ ತೆವಳಿಕೊಂಡು ಅವಳ ಕಡೆಗೆ ಹೋದರು. ಹರಿಗೋಲು ಸಮನಾಯಿತು. ಎಡಕ್ಕೊಂದು ಮೊಳ, ಬಲಕ್ಕೊಂದು ಮೊಳ ಜಾಗ ತೆರವಾಯಿತು. ಹುಟ್ಟು ನೀರಿಗೆ ಬಿತ್ತು.

ದಡದಲ್ಲಿ ಮುದಿ ಅಂಬಿಗ ಕಾದು ನಿಂತಿದ್ದ. ಮಗನನ್ನು ಏನೂ ಕೇಳಲಿಲ್ಲ. ನೋವಿನ ಮಂಡಿಯಲ್ಲಿಯೇ ಸೊಂಟಮಟ್ಟದ ನೀರಿಗಿಳಿದು ಒಬ್ಬೊಬ್ಬರನ್ನೂ ಕೈಹಿಡಿದು ಇಳಿಸಿದ. ಮುದುಕಿಯನ್ನು ಬೆನ್ನ ಮೇಲೆ ಹೊತ್ತು ದಂಡೆ ಹತ್ತಿಸಿದ. ನಡುಗುತ್ತಿದ್ದ ಬಳೆಗಾರನಿಗೆ ಮಗ ಎಸೆದಿದ್ದ ಆ ಕಂಬಳಿಯನ್ನೇ ಬೆಂಕಿಗೆ ಹಿಡಿದು ಬೆಚ್ಚಗೆ ಮಾಡಿ ಹೊದಿಸಿದ. ಬಳಿಕ ಎಲ್ಲರ ನಡುವೆ ಕುಳಿತು ಬುತ್ತಿ ಬಿಚ್ಚಿದ; ತನ್ನ ರೊಟ್ಟಿಯನ್ನು ಮುರಿದು ಎಲ್ಲರ ಕೈಗೂ ಇಟ್ಟ. ಬಳೆಗಾರ ಅವನ ಹೆಗಲಿಗೆ ತಲೆಯಾನಿಸಿ ಅತ್ತ. ಮುದಿ ಅಂಬಿಗ ಅಲುಗದೆ ಕುಳಿತ.

ಮಗ ಅದನ್ನು ನೋಡಿದ. ಚಿಕ್ಕಂದಿನಿಂದ ದಿನವೂ ನೋಡಿದ್ದುದೇ ಅದು. ಅಪ್ಪ ನೀರಿನ ಮೇಲೆ ಯಾರನ್ನೂ ಹತ್ತಿರ ಬಿಟ್ಟವನಲ್ಲ. ದಡದ ಮೇಲೆ ಯಾರನ್ನೂ ದೂರ ಇಟ್ಟವನೂ ಅಲ್ಲ. ಈ ಎರಡನ್ನೂ ಅವನು ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಮರುದಿನ ಹರಿಗೋಲಿನಲ್ಲಿ ಒದ್ದೆ ಕಂಬಳಿ ಮತ್ತೆ ಹಾಸಿತ್ತು. ಬಳೆಗಾರ ಬಂದು ಅದನ್ನು ನೋಡಿದ. “ಬಂತೇನಪ್ಪ ನಿಮ್ಮಪ್ಪನ ಕಂಬಳಿ” ಎಂದು ನಕ್ಕು, ತಾನಾಗಿಯೇ ಎದುರು ಬದಿಗೆ ಹೋಗಿ ಕುಳಿತ. ಆಚೆ ದಡದಲ್ಲಿ ಇಳಿಯುವಾಗ ಆ ಕಂಬಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅಂದಿನಿಂದ ಆ ಕಡವಿನಲ್ಲಿ ಇಳಿಯುವವರೆಲ್ಲ ಹಾಗೆಯೇ ಮಾಡುತ್ತಾರೆ.

ಕತೆ ಮುಗಿಯಿತು. ಗುರುಗಳು ಮತ್ತೆ ಕತ್ತರಿ ಎತ್ತಿಕೊಂಡರು.

ಪಂಪಾವತಿಗೆ ತನ್ನ ಹಳೆಯ ನೋಟ್‌ಬುಕ್ಕು ನೆನಪಾಯಿತು. ಅದರಲ್ಲಿ ಅವಳ ಊರಿನ ಬಾವಿಯನ್ನು ಕುರಿತ ಒಂದೇ ಪ್ರಬಂಧವಿತ್ತು, ಐದು ಸಲ ಬರೆದದ್ದು. ನಾಲ್ಕು ಸಲ ಗುರುಗಳು ಕೆಂಪು ಶಾಯಿಯಲ್ಲಿ ‘ಮತ್ತೆ ಬರೆ’ ಎಂದಿದ್ದರು. ಪ್ರತಿ ಸಲವೂ ಶಾಲೆ ಬಿಟ್ಟ ಮೇಲೆ ಎಲ್ಲರೂ ಓಡಾಡುವ ವರಾಂಡದಲ್ಲಿ ಕುಳಿತು, ಎಲ್ಲಿ ಮಾತು ಎರವಲು, ಎಲ್ಲಿ ಸ್ವಂತ ಎಂದು ಸಾಲುಸಾಲಾಗಿ ತೋರಿಸಿದ್ದರು. ಐದನೆಯ ಸಲ ‘ಇದು ನಿನ್ನದು’ ಎಂದು ಬರೆದಿದ್ದರು. ಆ ಎರಡು ಪದಗಳ ಬಲದ ಮೇಲೆ ಅವಳು ಕನ್ನಡ ಎಂ.ಎ. ಓದಿದ್ದಳು. ಅಂದು ಗುರುಗಳು ಅವಳ ಕೋರಿಕೆಯನ್ನು ಒಪ್ಪಿದ್ದರೆ, ಅವಳ ಮುನಿಸಿಗೆ ಹೆದರದೆ ನಾಲ್ಕು ಸಲ ಹಾಗೆ ಬರೆಯಲು ಅವರ ಕೈ ಏಳುತ್ತಿತ್ತೆ? ಏಳುತ್ತಿತ್ತೇನೋ. ತನ್ನ ಕೈ ಎರಡನೆಯ ಸಲಕ್ಕೇ ಸೋತಿತ್ತು.

ನಾಳೆ ಏನು ಮಾಡಬೇಕೆಂದು ಅವಳಿಗೆ ಈಗ ತಿಳಿದಿತ್ತು. ಮೂವತ್ತೆಂಟು ಮಕ್ಕಳಿಗೂ ತರಗತಿಯಲ್ಲಿ ನಿಂತು ತಾನೇ ಕಾರಣ ಹೇಳಬೇಕು. ಹೇಳಿದ ಮೇಲೆಯೇ ಅವರನ್ನು ಇನ್‌ಸ್ಟಾಗ್ರಾಮಿನಿಂದ ತೆಗೆಯಬೇಕು. ಪಾಠದ ಪ್ರಶ್ನೆಗಳಿಗೆಂದು ಮುಖ್ಯೋಪಾಧ್ಯಾಯಿನಿಯೂ ಇರುವ ಒಂದು ಗುಂಪು ಸಾಕು. ಹುಲಿಗೆಮ್ಮನ ಪ್ರಬಂಧದ ಕೆಳಗಿನ ‘ಚೆನ್ನಾಗಿದೆ’ಯನ್ನು ಹೊಡೆದುಹಾಕಿ, ಶಾಲೆ ಬಿಟ್ಟ ಮೇಲೆ ಅವಳನ್ನು ವರಾಂಡದಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳಬೇಕು. ಹುಡುಗಿ ಅತ್ತರೆ ಅಳಲಿ, ಎದ್ದುಹೋಗದಿದ್ದರೆ ಸಾಕು.

ಹೊರಡುವ ಮುನ್ನ ಅವಳು ಗುರುಗಳ ಕಾಲು ಮುಟ್ಟಿದಳು. ಹನ್ನೊಂದು ವರ್ಷ ಒಳಗಿಟ್ಟುಕೊಂಡಿದ್ದ ಮಾತು ತಾನಾಗಿ ಹೊರಬಂತು.

“ಹತ್ತನೆಯ ತರಗತಿಯಲ್ಲಿ ನಿಮಗೂ ಒಂದು ಕೋರಿಕೆ ಕಳಿಸಿದ್ದೆ, ಗುರುಗಳೇ. ನೀವದನ್ನು ತಳ್ಳಿಹಾಕಿದಿರೆಂದು ಇಷ್ಟು ವರ್ಷ ಮುನಿದಿದ್ದೆ. ಇವತ್ತು ಆ ತಳ್ಳಿಹಾಕಿದ್ದಕ್ಕೇ ಕೈಮುಗಿಯುತ್ತೇನೆ.”

ಗುರುಗಳು ಕನ್ನಡಕ ಸರಿಪಡಿಸಿಕೊಂಡರು. ಪುಸ್ತಕಗಳ ನಡುವಿನಿಂದ ಫೋನನ್ನು ಎತ್ತಿಕೊಂಡು, ನಿಧಾನವಾಗಿ ಬೆರಳಾಡಿಸಿ, ಅವಳ ಮುಂದೆ ಹಿಡಿದರು. ಉತ್ತರಕ್ಕಾಗಿ ಕಾದಿರುವ ಕೋರಿಕೆಗಳ ಸಾಲಿನಲ್ಲಿ ಅವಳು ಎಂದೂ ಬದಲಿಸದ ತನ್ನ ಹಳೆಯ ಚಿತ್ರ ಹಾಗೆಯೇ ಇತ್ತು: ಎರಡು ಜಡೆ, ಶಾಲೆಯ ನೀಲಿ ರಿಬ್ಬನ್ನು. ಅವಳು ನೋಡುತ್ತಿರುವಂತೆಯೇ ಗುರುಗಳ ಹೆಬ್ಬೆರಳು ‘ಒಪ್ಪಿಗೆ’ಯನ್ನು ಒತ್ತಿತು.

“ತಳ್ಳಿಹಾಕಿರಲಿಲ್ಲ, ತಾಯಿ; ನೀನು ದಡ ಮುಟ್ಟಲೆಂದು ಕಾದಿದ್ದೆ.”