ಇರುಜಾಕದ ಬರಿಮಣ್ಣಿನ ಮೆಟ್ಟಿಲು

ಜಪಾನಿನ ಕಿರಿನೊ ಎಂಬ ಊರಿನಲ್ಲಿ ಟ್ರಾಮಿನ ಹಳಿ ಮುಗಿಯುವ ಕಡೆ ಒಂದು ಕಾಲುವೆ ಇದೆ. ಅದರ ಮೇಲಿನ ಮರದ ಸೇತುವೆ ದಾಟಿದರೆ ಬೆಟ್ಟಕ್ಕೆ ಹೋಗುವ ಏರುದಾರಿ. ಒಟ್ಟು ಇನ್ನೂರ ಹನ್ನೊಂದು ಮೆಟ್ಟಿಲು, ಎಲ್ಲವೂ ಕಲ್ಲಿನವು. ನೂರ ಆರನೆಯದು ಮಾತ್ರ ಬರಿಮಣ್ಣು. ಅದರ ಮೇಲೆ ಹಾವಸೆ ಬೆಳೆದಿದೆ, ಏಕೆಂದರೆ ಅದನ್ನು ಯಾರೂ ತುಳಿಯುವುದಿಲ್ಲ. ಶರತ್ಕಾಲದ ಬೆಳಗಿನಲ್ಲಿ ಮಂಜು ಎಷ್ಟು ದಟ್ಟವಾಗಿ ಇಳಿಯುತ್ತದೆಂದರೆ, ಹತ್ತುವವರಿಗೆ ತಮ್ಮ ಪಾದವೇ ಯಾರದೋ ಪಾದದಂತೆ ಕಾಣುತ್ತದೆ. ಈ ದಾರಿಯ ಹೆಸರು ಇರುಜಾಕ. ಜಾಕ ಎಂದರೆ ಅಲ್ಲಿಯವರ ಮಾತಿನಲ್ಲಿ ಏರು.

ಹಿರಿಯೂರಿನ ಕನ್ನಡ ಶಿಕ್ಷಕಿ ಅಂಬುಜಾಕ್ಷಿ ಅಲ್ಲಿ ಇಳಿದದ್ದು ತಪ್ಪಿನಿಂದ. ಗಂಡ ಶ್ರೀಕಂಠಯ್ಯನವರೊಡನೆ ಬರಬೇಕಾಗಿದ್ದ ಊರಿಗೆ ಅವರು ತೀರಿಕೊಂಡ ಎಂಟನೆಯ ತಿಂಗಳಲ್ಲಿ ಆಕೆ ಒಬ್ಬಳೇ ಬಂದಿದ್ದಳು. ಎರಡು ದಿನ ಕೋಟೆಯ ಕಂದಕ, ಮೀನಿನ ಪೇಟೆ, ಕಾಗದದ ದೀಪ ಮಾಡುವವರ ಬೀದಿ ಎಲ್ಲವನ್ನೂ ನಕ್ಷೆ ಹಿಡಿದು ತಪ್ಪಿಲ್ಲದೆ ನೋಡಿದಳು. ಮೂರನೆಯ ಬೆಳಿಗ್ಗೆ ಟ್ರಾಮಿನೊಳಗೆ ನಿಲ್ದಾಣದ ಹೆಸರು ಹೇಳುವ ಧ್ವನಿ 'ಇರು' ಎಂದಿತು. ಹಿಂದೆಯೇ ಬಂದ 'ಜಾಕ' ಆಕೆಯ ಕಿವಿಗೆ ಬೀಳಲಿಲ್ಲ. ಸದಾ ಮುಂದೆ ನಡೆಯುತ್ತಿದ್ದವಳು ಆಕೆ. ಹಿಂದಿನಿಂದ "ಇರು, ಬಂದೆ" ಎನ್ನುತ್ತಿದ್ದವರು ಶ್ರೀಕಂಠಯ್ಯ. ಎದ್ದು ನಿಂತಳು. ಬಾಗಿಲು ತೆರೆಯಿತು, ಇಳಿದುಬಿಟ್ಟಳು.

ಸೇತುವೆಯ ಬಳಿ ಚಹಾದಂಗಡಿ ಇಟ್ಟಿರುವ ಮುದುಕಿಯ ಹೆಸರು ಫುಮಿ. ಭಾಷಾಂತರ ಮಾಡುವ ಫೋನನ್ನು ಅಂಬುಜಾಕ್ಷಿ ಮುಂದಿಟ್ಟಳು. ಮುದುಕಿ ಅದಕ್ಕೆ ನಮಸ್ಕರಿಸಿ, ಮಗುವಿಗೆ ಹೇಳುವಂತೆ ನಿಧಾನವಾಗಿ ಮಾತಾಡಿದಳು. ಫೋನು ಕನ್ನಡದಲ್ಲಿ ಕೇಳಿತು: "ನಿಮ್ಮ ಗಂಡ ಇದೆಯಾ?"

"ಇದೆಯಾ ಅಲ್ಲ, ಇದ್ದಾರಾ ಅನ್ನಬೇಕು" ಎಂದು ಅಂಬುಜಾಕ್ಷಿ ಫೋನನ್ನು ತಿದ್ದಿದಳು. ಆಸ್ಪತ್ರೆಯಲ್ಲಿ ಸಂಜೆ ನಾಲ್ಕರವರೆಗೆ 'ಇದ್ದಾರೆ' ಎನ್ನುತ್ತಿದ್ದ ನರ್ಸು ನಾಲ್ಕೂಕಾಲಿಗೆ 'ಬಾಡಿ ಒಳಗಿದೆ' ಎಂದಿದ್ದಳು. ಅಂದಿನಿಂದ ಬಾಗಿಲಿಗೆ ಬಂದವರು "ಯಜಮಾನರು ಇದ್ದಾರಾ?" ಎಂದರೆ, ಮೂವತ್ತು ವರ್ಷ ವ್ಯಾಕರಣ ಕಲಿಸಿದವಳಿಗೆ ಹೇಳಲು ಒಂದು ಕ್ರಿಯಾಪದ ಸಿಗುತ್ತಿರಲಿಲ್ಲ.

ಫುಮಿ ಚಹಾ ಬಗ್ಗಿಸಿ, ತಮ್ಮಲ್ಲೂ ಎರಡು ಮಾತಿವೆ ಎಂದಳು. ಕಲ್ಲು, ಕೊಡೆ, ಮನೆಗೆ 'ಅರು', ಜೀವವಿರುವುದಕ್ಕೆ 'ಇರು'. ಆಮೇಲೆ ಬೆಟ್ಟದ ಕಡೆ ಕೈ ತೋರಿಸಿದಳು.

ಹಿಂದೆ ಒಮ್ಮೆ, ಇಲ್ಲಿ ಮೆಟ್ಟಿಲು ಇಲ್ಲದ ಕಾಲದಲ್ಲಿ, ಸಮುದ್ರದ ಉಪ್ಪನ್ನು ಬೆನ್ನ ಮೇಲೆ ಹೊತ್ತು ಹನ್ನೆರಡು ಜನ ಸಾಲಾಗಿ ಈ ದಾರಿಯಲ್ಲಿ ಬೆಟ್ಟದಾಚೆಗೆ ಹೋಗುತ್ತಿದ್ದರಂತೆ. ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣದ ಕಾರಣ, ಮುಂದಾಳು ಗೊಂಜೊ ಆಗಾಗ ನಿಂತು ಹೆಸರು ಹಿಡಿದು 'ಇರು ಕಾ?' ಎಂದು ಕೂಗುವನು. ಇದ್ದೀಯಾ ಎಂದು ಅರ್ಥ. ಅವರವರು 'ಇರು' ಎನ್ನುವರು. ಏಳನೆಯವನು ಯಾಸಾಕು, ಅವನ ಹಿಂದೆ ಹೆಂಡತಿ ಸೆಯೊ. ಒಂದು ಬೆಳಿಗ್ಗೆ ಮೂರು ಸಲ ಕೂಗಿದರೂ ಯಾಸಾಕುವಿನ ಉತ್ತರ ಬರಲಿಲ್ಲ. ಕೆಳಗೆ ಕಣಿವೆಯಲ್ಲಿ ಅವನ ಉಪ್ಪು ಮಾತ್ರ ಬೆಳ್ಳಗೆ ಹರಡಿತ್ತು ಎನ್ನುತ್ತಾರೆ. ಸತ್ತವನ ಜಾಗವನ್ನು ಹಿಂದಿನವರು ಮುಂದೆ ಸರಿದು ಮುಚ್ಚಬೇಕೆಂಬುದು ಸಾಲಿನ ಕಟ್ಟಳೆ. ಸೆಯೊ ಸರಿಯಲಿಲ್ಲ. ತನ್ನ ಮುಂದೆ ಒಬ್ಬನು ನಡೆಯುವಷ್ಟು ಜಾಗ ಬಿಟ್ಟೇ ನಡೆದಳು. ಹಾಜರಿಯಲ್ಲಿ ಆರನೆಯವನಾದ ಮೇಲೆ, ಯಾರೂ ಕೇಳದಿದ್ದರೂ, ಗಂಡನ ಪಾಲಿನ 'ಇರು' ಎಂಬುದನ್ನು ತಾನೇ ಹೇಳಿ, ಆಮೇಲೆ ತನ್ನದನ್ನು ಹೇಳುವಳು.

"ಏನಮ್ಮಾ, ಸತ್ತವನಿಗೂ ಮೂಟೆ ಹೊರಿಸುತ್ತೀಯಾ?" ಎಂದು ಗೊಂಜೊ ಹಂಗಿಸಿದ.

"ಅವರ ಮೂಟೆಯಲ್ಲಿ ಅರ್ಧ ನನ್ನ ಬೆನ್ನ ಮೇಲೇ ಇದೆ, ಅಣ್ಣಾ. ನೀವು ಜಾಗ ಮಾತ್ರ ಬಿಡಿ."

"ಮಂಜಿನಲ್ಲಿ ಸುಳ್ಳು ಉತ್ತರ ಕೊಟ್ಟರೆ ಜನ ಸಾಯುತ್ತಾರೆ. ನಾಳೆ ಜಾಗ ಮುಚ್ಚು, ಇಲ್ಲವೇ ಸಾಲು ಬಿಡು."

ಮರುದಿನವೂ ಸೆಯೊ ಸಾಲಿನಲ್ಲಿದ್ದಳು, ಜಾಗವೂ ಇತ್ತು. ಅರ್ಧ ಏರಿದ್ದರು. ಮಳೆಗೆ ನೆನೆದಿದ್ದ ದಾರಿ ಮುಂದಿನ ಆರು ಜನರ ಭಾರವನ್ನು ತಡೆದು, ಏಳನೆಯವನಿಲ್ಲದ ಕಡೆ ಸದ್ದಿಲ್ಲದೆ ಕುಸಿಯಿತು. ಸೆಯೊಳ ಹೆಬ್ಬೆರಳಿನ ಮುಂದೆ ಮಣ್ಣಿರಲಿಲ್ಲ, ಬರಿಯ ಬಿಳುಪು. ಆಕೆ ನಿಂತಳು, ಹಿಂದಿನ ನಾಲ್ವರೂ ನಿಂತರು. ಮೇಲಿನಿಂದ ಗೊಂಜೊ ಗಾಬರಿಯಲ್ಲಿ ಹೆಸರು ಹಿಡಿದು ಕೂಗತೊಡಗಿದ. ಆರು ಉತ್ತರ ಬಂದವು. ಬಾಯಿಯ ರೂಢಿಯಿಂದ ಅವನು "ಯಾಸಾಕು, ಇರು ಕಾ?" ಎಂದುಬಿಟ್ಟ. ಸೆಯೊಗೆ ಅಂದು ದನಿ ಏಳಲಿಲ್ಲ. ಆಗ ಮಂಜಿನ ಮೇಲುಗಡೆಯಿಂದಲೂ ಕೆಳಗಡೆಯಿಂದಲೂ ಉಪ್ಪು ಹೊತ್ತವರೆಲ್ಲ ಒಟ್ಟಿಗೆ "ಇರು" ಎಂದರಂತೆ. ಅಂದಿನಿಂದ ಈ ಏರು ಇರುಜಾಕ. ಮುಂದೆ ಮೆಟ್ಟಿಲು ಕಟ್ಟಿದ ಕಲ್ಲುಕುಟಿಗರು ಆ ಜಾಗಕ್ಕೆ ಕಲ್ಲು ಹಾಕಲು ಒಪ್ಪಲಿಲ್ಲ ಎನ್ನುತ್ತಾರೆ.

ಅಂಬುಜಾಕ್ಷಿ ಚಹಾದ ಬಟ್ಟಲು ಕೆಳಗಿಟ್ಟು, ಫೋನನ್ನು ಅಂಗಡಿಯಲ್ಲೇ ಬಿಟ್ಟು, ಎಣಿಸುತ್ತ ಹತ್ತಿದಳು. ನೂರ ಐದಕ್ಕೆ ನಿಂತಳು. ಸೇತುವೆ, ಟ್ರಾಮು, ಊರು ಎಲ್ಲವೂ ಮಂಜಿನಲ್ಲಿ ಅಳಿಸಿಹೋಗಿದ್ದವು. ಕೆಳಗಿನಿಂದ ಮುದುಕಿಯ ದನಿ ತೇಲಿಬಂತು, ಯಾರ ಹೆಸರನ್ನೂ ಹಿಡಿಯದೆ: "ಇರು ಕಾ?"

ಆಕೆ ತುಸು ಹೊತ್ತು ಇದ್ದಳು, ಹಿಂದಿನವರು ಬಂದು ಕೂಡಿಕೊಳ್ಳಲೆಂದು ನಿಂತವಳ ಹಾಗೆ. ಆಮೇಲೆ, ತರಗತಿಯ ಕೊನೆಯ ಬೆಂಚಿಗೂ ಕೇಳುವಂತೆ, ಸ್ಪಷ್ಟವಾಗಿ ಹೇಳಿದಳು: "ಇದ್ದಾರೆ."

ಕೆಳಗಿನಿಂದ ಫುಮಿ ತೃಪ್ತಿಯಿಂದ "ಹಾಯ್, ಹಾಯ್" ಎಂದದ್ದು ಕೇಳಿಸಿತು. ಹೌದು, ಹೌದು ಎಂದು.

ಈಗಲೂ ಅಲ್ಲಿಗೆ ಹೋದವರು ಆ ಮೆಟ್ಟಿಲನ್ನು ನೋಡಬಹುದು. ಶಾಲೆಯ ಮಕ್ಕಳು ಜಿಗಿದು ದಾಟುತ್ತಾರೆ. ವಯಸ್ಸಾದವರು ಪಕ್ಕದ ಬಿದಿರಿನ ಕಟಕಟೆ ಹಿಡಿದು ದಾಟುತ್ತಾರೆ. ಸಾಲಾಗಿ ಹತ್ತುವವರು ತಮ್ಮ ಮುಂದೆ ಒಬ್ಬರ ಜಾಗ ಬಿಡುತ್ತಾರೆ. ಮಳೆ ಬಿದ್ದ ಮರುದಿನವೂ ಆ ಹಾವಸೆಯ ಮೇಲೆ ಹೆಜ್ಜೆಯ ಗುರುತು ಇರುವುದಿಲ್ಲ.