ಆರದ ಬೂದಿಯ ಕಾವಲು

"ಗುರುಗಳೇ, ಅಣುವಿದ್ಯುತ್ ಸ್ಥಾವರದ ತ್ಯಾಜ್ಯವನ್ನು ನಮ್ಮೂರ ಗುಡ್ಡಕ್ಕೆ ತಂದು, ಹದ ಮಾಡಿ, ಹೂಳುತ್ತಾರಂತೆ. ಗೋಡೆ ಎಂಟು ಅಡಿ ದಪ್ಪ, ಬಾಗಿಲು ಉಕ್ಕಿನದು, ಸಾವಿರ ವರ್ಷ ಏನೂ ಆಗದು ಎನ್ನುತ್ತಾರೆ. ನಾಳೆ ಸಭೆಯಿದೆ. ಒಪ್ಪುವುದೋ ಬಿಡುವುದೋ ಎಂದು ಊರವರು ನನ್ನ ಮುಖ ನೋಡುತ್ತಿದ್ದಾರೆ. ಅಷ್ಟು ಗೋಡೆ ಸಾಕಲ್ಲವೇ?" ಎಂದು ಶಿಷ್ಯ ಸಾತಪ್ಪ ಕೇಳಿದ.

ಗುರುಗಳು ಹೆಸರುಕಾಳು ಆರಿಸುತ್ತ ಕುಳಿತಿದ್ದರು. ಮೊರವನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಎಂದೂ ಆರದ ಒಲೆಯೊಂದಿತ್ತು. ಊರಿಗೆಲ್ಲ ಅದರಿಂದಲೇ ಬೆಳಕು. ಬೆಳಕೇನೋ ಬಂತು, ಬೂದಿ ಉಳಿಯಿತು. ಆ ಬೂದಿಗೆ ಹೊಗೆಯಿಲ್ಲ, ವಾಸನೆಯಿಲ್ಲ. ಅದರ ಹತ್ತಿರ ಸುಳಿದವರು ಮಾತ್ರ ಆರು ತಿಂಗಳಲ್ಲಿ ಸೊರಗಿ ಸತ್ತರು. ಹಿರಿಯರು ಕೂತು ಯೋಚಿಸಿದರು. ದೂರದ ಬೋಳುಗುಡ್ಡದ ಬಂಡೆಯಲ್ಲಿ ಗುಂಡಿ ಕೊರೆಸಿ, ಬೂದಿಯನ್ನು ಒಳಗಿಟ್ಟು, ಮೇಲೆ ಗಾರೆ ಮೆತ್ತಿದರು. ಗಾರೆಯ ಮೇಲೆ ಗುರುತಿಗೆ ಒಂದು ಕಲ್ಲು ನಿಲ್ಲಿಸಿದರು. ಮಳೆ ತಾಗದಿರಲೆಂದು ಮಂಟಪ ಕಟ್ಟಿದರು. ಒಬ್ಬ ಕಾವಲುಗಾರನನ್ನು ಇಟ್ಟರು.

"ಗಾರೆಯ ಮೇಲೆ ಒಂದು ಹನಿ ನೀರೂ ಬೀಳಬಾರದು" ಎಂದು ಅವನಿಗೆ ಹೇಳಿದರು. "ಗುಡ್ಡದ ಬುಡದ ಒರತೆಯಿಂದ ದಿನಾ ನೀರು ತಂದು ಈ ಮಣ್ಣಿನ ಹರವಿಯನ್ನು ತುಂಬಿಸು, ಅದರಲ್ಲಿ ಮೀನು ಸಾಕು. ಮೀನು ಸತ್ತ ದಿನ ಈ ನಗಾರಿ ಬಾರಿಸು. ಕೆಳಗಿನ ಹಳ್ಳಿಯವರು ಊರು ಬಿಟ್ಟು ಓಡುತ್ತಾರೆ."

ಕಾವಲುಗಾರ ನಿಯತ್ತಿನವನು. ಆದರೆ ಬೂದಿಯ ಪಕ್ಕದಲ್ಲಿ ಇರುವವನೆಂದು ಹಳ್ಳಿಯವರು ಅವನನ್ನು ಹತ್ತಿರ ಸೇರಿಸಲಿಲ್ಲ. ಅವನಿಗೆ ಹೆಣ್ಣು ಕೊಡಲಿಲ್ಲ. ಸಂತೆಯಲ್ಲಿ ಅವನ ಉಪ್ಪಿನ ಪೊಟ್ಟಣವನ್ನು ನೆಲದ ಮೇಲಿಟ್ಟು ದೂರ ಸರಿಯುತ್ತಿದ್ದರು. ಪಟ್ಟಣದ ಹಿರಿಯರು ಮೊದಲು ತಿಂಗಳಿಗೊಮ್ಮೆ ಬಂದು ನೋಡಿದರು, ಆಮೇಲೆ ವರ್ಷಕ್ಕೊಮ್ಮೆ. ಕೊನೆಗೆ ಅಕ್ಕಿಯ ಚೀಲ ಮಾತ್ರ ಗುಡ್ಡದ ಬುಡಕ್ಕೆ ಬಂತು.

ಅವನು ಹರವಿಯ ಮೀನನ್ನೇ "ಊಟ ಆಯಿತೇನಪ್ಪ" ಎಂದು ಕೇಳುತ್ತಿದ್ದ. ಒಮ್ಮೊಮ್ಮೆ ತನ್ನ ದನಿಯೇ ಬೇರೆ ಯಾರದೋ ಎನಿಸಿ ತಿರುಗಿ ನೋಡುತ್ತಿದ್ದ.

ಹೀಗೆ ಮೂವತ್ತು ವರ್ಷ. ಬೂದಿಯ ಸಂಗತಿ ಬಲ್ಲವರು ಒಬ್ಬೊಬ್ಬರಾಗಿ ತೀರಿಕೊಂಡರು. ಗುಡ್ಡಕ್ಕೆ ಹೋಗಬಾರದು ಎಂಬುದಷ್ಟೇ ಹಳ್ಳಿಯಲ್ಲಿ ಉಳಿಯಿತು, ಏಕೆಂಬುದು ಉಳಿಯಲಿಲ್ಲ.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ತಂಬಿಗೆ ಹಿಡಿದು ಹತ್ತಿ ಬಂದಳು. ಮದುವೆಯಾಗಿ ಆ ಹಳ್ಳಿಗೆ ಹೊಸದಾಗಿ ಬಂದವಳು. ಮಂಟಪವಿದೆ, ನಿಂತ ಕಲ್ಲಿದೆ, ಪಕ್ಕದಲ್ಲೊಬ್ಬ ಮುದುಕನಿದ್ದಾನೆ. ಇನ್ನೇನು ಬೇಕು? ಕಲ್ಲಿಗೆ ಅರಿಸಿನ ಹಚ್ಚಿ, ತಲೆಯ ಮೇಲಿಂದ ನೀರು ಹುಯ್ದೇಬಿಟ್ಟಳು.

ಕಾವಲುಗಾರ ಕೋಲು ಹಿಡಿದು ಓಡಿ ಬಂದ. ಬೈಯಲು ಬಾಯಿ ತೆರೆದ.

"ಏನು ಪೂಜಾರಪ್ಪ, ದೇವರಿಗೆ ನೀರು ಕಾಣಿಸಿ ಎಷ್ಟು ಕಾಲವಾಯಿತು? ಮೈಯೆಲ್ಲ ದೂಳು. ನಿಮ್ಮದೂ ಸ್ನಾನವಾದ ಹಾಗಿಲ್ಲ" ಎಂದು ಅವಳು ನಕ್ಕಳು.

"ಇಲ್ಲಿಗೆ ಯಾರೂ ಬರುವುದಿಲ್ಲ ತಾಯಿ" ಎಂದ ಅವನು. ಹೇಳಬೇಕಾಗಿದ್ದ ಮಾತು ಅದಲ್ಲ.

"ನಾನು ಬಂದೆನಲ್ಲ. ಸೋಮವಾರ ಮತ್ತೆ ಬರುತ್ತೇನೆ. ಆಗ ಆ ನಗಾರಿ ಬಾರಿಸಿ, ಸುಮ್ಮನೆ ನೇತುಹಾಕಿದ್ದೀರಿ."

ಎಲೆಯಲ್ಲಿ ಸುತ್ತಿದ ಎರಡು ಹೋಳಿಗೆ ಇಟ್ಟು ಅವಳು ಇಳಿದು ಹೋದಳು. ಹೋಳಿಗೆ ಇನ್ನೂ ಬೆಚ್ಚಗಿತ್ತು. ಅವನು ಅದನ್ನು ತಿನ್ನದೆ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ಒಂದು ತಂಬಿಗೆ ನೀರು ತಾನೇ ಎಂದುಕೊಂಡು ತನ್ನ ಪಂಚೆಯಿಂದ ಗಾರೆಯನ್ನು ಒರೆಸಿದ. ಸೋಮವಾರ ಹೇಳಿದರಾಯಿತು ಎಂದುಕೊಂಡ.

ಸೋಮವಾರ ಹೇಳಲಿಲ್ಲ. ಹೇಳಿದರೆ ಅವಳು ಮತ್ತೆ ಬರುವುದಿಲ್ಲ. ನಗಾರಿಯನ್ನು ಮೆಲ್ಲಗೆ ಬಾರಿಸಿದ.

ಮುಂದಿನ ವಾರ ಅವಳ ಅತ್ತೆ ಬಂದಳು, ನಾದಿನಿಯರು ಬಂದರು. ವರ್ಷ ತುಂಬುವಷ್ಟರಲ್ಲಿ ನಗಾರಿಯ ಸದ್ದು ಕೇಳಿದೊಡನೆ ಹಳ್ಳಿಗೆ ಹಳ್ಳಿಯೇ ಕೊಡ ಹೊತ್ತು ಬರತೊಡಗಿತು. ಮಕ್ಕಳು ಅವನನ್ನು ಅಜ್ಜ ಎಂದರು. ಜನ ಇಳಿದು ಹೋದ ಮೇಲೆ ಅವನು ಪ್ರತಿ ಸಲವೂ ಮೊಣಕಾಲೂರಿ ಗಾರೆ ಒರೆಸುತ್ತಿದ್ದ. ಪಂಚೆ ಹಿಂಡಿ ಮತ್ತೆ ಒರೆಸುತ್ತಿದ್ದ. ಬಿರುಕಿಗೆ ಇಳಿದ ನೀರು ಪಂಚೆಗೆ ಬರುತ್ತದೆಯೇ?

ಒಂದು ಗುರುವಾರ ಬೆಳಿಗ್ಗೆ ಹರವಿಯಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಅವನು ನಗಾರಿಯತ್ತ ಓಡಿದ. ತೋಳು ಸೋಲುವವರೆಗೂ ಬಾರಿಸಿದ. ಕೆಳಗೆ ಬಾಗಿಲುಗಳು ತೆರೆದವು. ಜನ ಹೊರಬಂದು ಗುಡ್ಡದ ಕಡೆ ನೋಡಿ ಒಳಗೆ ಹೋದರು. ಮತ್ತೆ ಬಂದಾಗ ಒಬ್ಬೊಬ್ಬರ ಸೊಂಟದಲ್ಲೂ ಒಂದೊಂದು ಕೊಡವಿತ್ತು. ಬುಡದ ಒರತೆಯಲ್ಲಿ ಕೊಡ ತುಂಬಿಕೊಂಡರು, ಮುಖ ತೊಳೆದರು, ಒಂದೊಂದು ಬೊಗಸೆ ಕುಡಿದರು. ಸಾಲಾಗಿ ಹತ್ತತೊಡಗಿದರು.

ಅವನು ಬೇಡ ಬೇಡ ಎಂದು ಎರಡೂ ಕೈ ಬೀಸಿದ. ಅವರೂ ಕೈ ಬೀಸಿದರು.

ಎಲ್ಲರಿಗಿಂತ ಮುಂದೆ ಆ ಹೆಂಗಸಿದ್ದಳು. "ಇವತ್ತು ಸೋಮವಾರವಲ್ಲವಲ್ಲ ಪೂಜಾರಪ್ಪ. ನಮ್ಮನ್ನು ನೋಡದೆ ಇರಲಾಗಲಿಲ್ಲವೇ?" ಎಂದು ಏದುಸಿರಿನಲ್ಲೇ ನಕ್ಕಳು.

ಗುರುಗಳು ಮೊರವನ್ನು ಮತ್ತೆ ಮಡಿಲಿಗೆಳೆದುಕೊಂಡರು.

ಸಾತಪ್ಪ, "ಹಾಗಾದರೆ ಗುಂಡಿಯದೇನೂ ತಪ್ಪಿಲ್ಲ. ಕಾವಲುಗಾರ ಸರಿಯಿದ್ದರೆ ಆಯಿತು" ಎಂದ.

ಗುರುಗಳು ಕಾಳಿನಿಂದ ಕಣ್ಣೆತ್ತದೆ ಕೇಳಿದರು:

"ನಿಮ್ಮ ಗುಡ್ಡದ ಕಾವಲಿಗೆ ಬರುವವನ ಮನೆಗೆ ನೀನು ಊಟಕ್ಕೆ ಹೋಗುತ್ತೀಯಾ, ಸಾತಪ್ಪ?"