ದೂರು ಪೆಟ್ಟಿಗೆಯಲ್ಲಿ ಗೂಡು

ಒಂದು ಸರ್ಕಾರಿ ಕಚೇರಿಯ ಗೋಡೆಗೆ ತೂಗುಹಾಕಿದ್ದ ದೂರು ಪೆಟ್ಟಿಗೆಯೊಳಗೆ ಮಡಿವಾಳ ಹಕ್ಕಿಯೊಂದು ಗೂಡು ಕಟ್ಟಿ ಮೂರು ಮೊಟ್ಟೆ ಇಟ್ಟಿತು. ಪೆಟ್ಟಿಗೆಗೆ ಮೈಯೆಲ್ಲ ಉರಿದುಹೋಯಿತು.

"ಎಲೈ ಹಕ್ಕಿಯೇ, ಊರಿನ ಮರಗಳೆಲ್ಲ ಸತ್ತುಹೋದವೇನು? ಇದು ಜನ ತಮ್ಮ ಸಂಕಟ ಬರೆದು ಹಾಕುವ ಜಾಗ. ಅವರ ಅರ್ಜಿಗಳನ್ನು ಹರಿದು ಹಾಸಿಗೆ ಮಾಡಿಕೊಂಡಿದ್ದೀಯಲ್ಲ, ನಾಚಿಕೆಯಾಗಬೇಕು ನಿನಗೆ."

ಹಕ್ಕಿಗೂ ಸಿಟ್ಟು ನೆತ್ತಿಗೇರಿತು. "ಮರದ ಪೊಟರೆಗೆ ಹಾವು ಬರುತ್ತದೆ, ಸೂರಿನಡಿಗೆ ಬೆಕ್ಕು ಬರುತ್ತದೆ. ನಿನ್ನೊಳಗೆ ಮಾತ್ರ ಯಾರೂ ಕೈ ಹಾಕುವುದಿಲ್ಲವೆಂದು ಎರಡು ವರ್ಷ ನೋಡಿಯೇ ಬಂದಿದ್ದೇನೆ. ನೀನು ಕೊಳೆಹಾಕಿದ್ದ ಕಾಗದ ನನ್ನ ಮೊಟ್ಟೆಗಳನ್ನಾದರೂ ಬೆಚ್ಚಗಿಟ್ಟಿದೆ. ನಾಚಿಕೆ ಯಾರಿಗಾಗಬೇಕು?"

"ಸಾಹೇಬರು ಒಂದಲ್ಲ ಒಂದು ದಿನ ಬಾಗಿಲು ತೆಗೆದೇ ತೆಗೆಯುತ್ತಾರೆ. ಆಗ ನಿನ್ನ ಗತಿ ನೋಡಿಕೋ" ಎಂದಿತು ಪೆಟ್ಟಿಗೆ.

ಮೊಟ್ಟೆಯೊಡೆದ ಮರಿಗಳ ಚಿಲಿಪಿಲಿ ಕೇಳಿ ಸಾಹೇಬರು ಬಂದೇ ಬಂದರು. ಕೀಲಿಕೈ ಸಿಗದೆ ಬೀಗ ಒಡೆಸಿದರು. ಮರಿಗಳ ಕೆಳಗಿದ್ದ ಅರ್ಜಿಗಳತ್ತ ಅವರು ಕಣ್ಣೂ ಹಾಯಿಸಲಿಲ್ಲ. "ಪಾಪ" ಎಂದು ಬಾಗಿಲು ಮುಚ್ಚಿ, ಮೇಲೊಂದು ಚೀಟಿ ಅಂಟಿಸಿ ಹೋದರು: 'ಒಳಗೆ ಮರಿಗಳಿವೆ. ಯಾರೂ ದೂರು ಹಾಕಬಾರದು.'

"ಮರಿಗಳು ಹಾರಿದ ಮೇಲೆ ಚೀಟಿ ಕೀಳುತ್ತಾರೆ" ಎಂದಿತು ಪೆಟ್ಟಿಗೆ, ದನಿ ತಗ್ಗಿಸಿ.

ಎರಡು ವಾರಕ್ಕೆ ಮರಿಗಳು ಹಾರಿಹೋದವು. ಮರುವರ್ಷ ಗೂಡು ಕಟ್ಟಲು ಬಂದ ಹಕ್ಕಿ ನೋಡಿದರೆ ಚೀಟಿ ಹಾಗೇ ಇತ್ತು. ಮಳೆಗೆ ಅಳಿಸದಿರಲೆಂದು ಅದಕ್ಕೆ ಗಾಜು ಹಾಕಿಸಿದ್ದರು.